ಬಕ್ಕಪ್ಪನ ಬೋಣಿ

ಅಂಗಡಿ ಇಟ್ಟವರಿಗೆ ಬೋಣಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಬಾಗಿಲು ತೆರೆದ ಮೇಲೆ ಆಗುವ ಮೊದಲ ವ್ಯಾಪಾರ ಅದು. ಯಾರ ಕೈಯಿಂದ ಬೋಣಿಯಾಯಿತೋ ದಿನವೆಲ್ಲ ಅವರ ಕೈಗುಣದಂತೆ ನಡೆಯುತ್ತದೆ ಎಂದು ನಂಬುವವರು ನಮ್ಮಲ್ಲಿ ಬಹಳ. ಮಾಣಿಕನಗರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಬಕ್ಕಪ್ಪ ಅವರಲ್ಲಿ ಒಂದು ಕೈ ಮೇಲೆ. ತಕ್ಕಡಿಗೆ ಊದುಬತ್ತಿ ಬೆಳಗಿ, ಬೀದಿಯ ಆಚೆ ಈಚೆ ನೋಡಿಯೇ ಅವನು ಗಲ್ಲಾದ ಮುಂದೆ ಕೂರುತ್ತಿದ್ದ.

ಅದೇ ಬೀದಿಯಲ್ಲಿ ಚಂದಮ್ಮನ ಮನೆ. ಗಂಡ ತೀರಿಕೊಂಡು ಹತ್ತು ವರ್ಷ. ಮಗ ಲಾರಿ ಡ್ರೈವರ್, ಮನೆಯಲ್ಲಿ ಇರುವುದಕ್ಕಿಂತ ಹೈವೇ ಮೇಲೆ ಇರುವುದೇ ಹೆಚ್ಚು. ಈ ಚಂದಮ್ಮ ಬೆಳಿಗ್ಗೆ ಏನಾದರೂ ಬೇಕೆಂದು ಬಂದರೆ ನೇರವಾಗಿ ಅಂಗಡಿಯ ಮುಂದೆ ಬರುತ್ತಿರಲಿಲ್ಲ. ಎದುರಿನ ಲೈಟಿನ ಕಂಬದ ಹತ್ತಿರ ನಿಂತು, ಬೇರೆ ಯಾರಾದರೂ ಬೋಣಿ ಮಾಡುವವರೆಗೆ ಕಾಯುತ್ತಿದ್ದಳು. ಅಲ್ಲಿ ನಿಲ್ಲು ಎಂದು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಕೆಲಸವನ್ನು ಒಂದು ಕಥೆ ಮಾಡಿತ್ತು.

ಕಥೆ ಬಕ್ಕಪ್ಪನದೇ. 1998ರಲ್ಲಿ ಒಂದು ಬೆಳಿಗ್ಗೆ ಅಟ್ಟದಿಂದ ಬೆಲ್ಲ ಇಳಿಸಲು ಹೋಗಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ದವಾಖಾನೆಯಲ್ಲಿ ನೋಡಲು ಬಂದವರಿಗೆ, ಬೆಳಿಗ್ಗೆ ಚಂದಮ್ಮನ ಮುಖ ನೋಡಿದೆ, ಹೀಗಾಯಿತು ಎಂದ. ಜನ ತಲೆದೂಗಿದರು. ಕಾಲಿನ ಪಟ್ಟಿ ಬಿಚ್ಚುವ ಹೊತ್ತಿಗೆ ಕಥೆಗೂ ಮೈ ಬಂದಿತ್ತು: ಚಂದಮ್ಮನ ಕೈಯಲ್ಲಿ ಖಾಲಿ ಕೊಡವಿತ್ತಂತೆ, ಹೊಸ್ತಿಲ ಮೇಲೇ ನಿಂತಿದ್ದಳಂತೆ. ಅವಳನ್ನು ನೋಡಿದ ದಿನ ತನ್ನ ಆಟೋ ಪಂಕ್ಚರ್ ಆಯಿತೆಂದು ಒಬ್ಬ ಸೇರಿಸಿದ. ಹಾಲು ಒಡೆಯಿತೆಂದು ಇನ್ನೊಬ್ಬಳು. ಅವಳನ್ನು ನೋಡಿಯೂ ಏನೂ ಆಗದ ನೂರಾರು ದಿನಗಳಿದ್ದವು. ಏನೂ ಆಗದ ದಿನದ ಕಥೆಯನ್ನು ಯಾರು ಹೇಳುತ್ತಾರೆ, ಯಾರು ಕೇಳುತ್ತಾರೆ?

2001ರ ಶ್ರಾವಣ. ಜಿಟಿಜಿಟಿ ಮಳೆ, ಮನೆಮನೆಯಲ್ಲಿ ವಾಂತಿ ಭೇದಿ. ಮಕ್ಕಳಿಗೆ ಕುಡಿಸುವ ಓಆರ್‌ಎಸ್ ಪುಡಿಯ ಪಾಕೀಟುಗಳನ್ನು ನರ್ಸ್ ಮಹಜಬೀನ್ ಬಕ್ಕಪ್ಪನ ಅಂಗಡಿಯಲ್ಲಿ ಇಟ್ಟು ಹೋಗಿದ್ದಳು. ಕೇಳಿದವರಿಗೆ ಪುಕ್ಕಟೆ ಕೊಡಬೇಕು, ಅಷ್ಟೇ.

ಅಂದು ಬಾಗಿಲು ತೆರೆಯುವ ಮೊದಲೇ ಚಂದಮ್ಮ ಕಂಬದ ಹತ್ತಿರ ಬಂದು ನಿಂತಿದ್ದಳು. ತಲೆಯ ಮೇಲೆ ಗೋಣಿ ಕೊಪ್ಪೆ, ಹೆಗಲ ಮೇಲೆ ಮೂರು ವರ್ಷದ ಮೊಮ್ಮಗಳು ಪೂನಂ. ಸೊಸೆ ಹೆರಿಗೆಗೆಂದು ಬಸವಕಲ್ಯಾಣದ ತವರಿಗೆ ಹೋಗಿದ್ದಳು.

"ಅಣ್ಣಾ, ಪುಡಿ ಪಾಕೀಟು ಬೇಕಾಗಿತ್ರಿ. ಕೂಸಿಗಿ ಜುಲಾಬ ಹತ್ಯಾವ," ಎಂದು ಅಲ್ಲಿಂದಲೇ ಕೇಳಿದಳು.

"ಇನ್ನಾ ಬೋಣಿ ಆಗಿಲ್ಲವ್ವಾ. ಸ್ವಲ್ಪ ನಿಂದ್ರು," ಎಂದ ಬಕ್ಕಪ್ಪ.

ಬೋಣಿಗೆ ಮೊದಲೇ ಪುಕ್ಕಟೆ ಕೊಡುವುದು, ಅದೂ ಚಂದಮ್ಮನ ಕೈಗೆ. ಅವನಿಗೆ ಮನಸ್ಸಾಗಲಿಲ್ಲ. ಮಳೆಗೆ ಗಿರಾಕಿಗಳು ಯಾರೂ ಹೊರಬೀಳಲಿಲ್ಲ. ಅರ್ಧ ತಾಸಾಯಿತು. ಚಂದಮ್ಮ ಇನ್ನೊಮ್ಮೆ ಕೇಳಿದಳು. ಅವನು ಒರೆಸಿದ ಡಬ್ಬಿಯನ್ನೇ ಮತ್ತೆ ಒರೆಸುತ್ತ ಕೇಳಿಸದವನ ಹಾಗೆ ಇದ್ದ. ಮೂರನೆಯ ಸಲ ಅವಳು ಕೇಳಲಿಲ್ಲ.

ಪಾಕೀಟು ಮುಗಿದಿದ್ದರೆ ತುಂಬೋಣವೆಂದು ಮಹಜಬೀನ್ ಬಂದಾಗ ತಾಸು ಮೀರಿತ್ತು. ಕೂಸಿನ ಕಣ್ಣುಗಳು ಗುಳಿಬಿದ್ದಿದ್ದವು. ಹೊಟ್ಟೆಯ ಚರ್ಮ ಚಿವುಟಿ ಎತ್ತಿದರೆ ಎತ್ತಿದ ಹಾಗೇ ನಿಂತಿತು. ಮಹಜಬೀನ್ ಯಾರನ್ನೂ ಕೇಳದೆ ಅಂಗಡಿಯೊಳಗೆ ನುಗ್ಗಿದಳು. ಬಕ್ಕಪ್ಪನ ಹೆಂಡತಿ ಶಕುಂತಲಾಬಾಯಿಯಿಂದ ಕಾಯಿಸಿ ಆರಿಸಿದ ನೀರು ತರಿಸಿ ಪುಡಿ ಕಲಸಿದಳು. ಚಮಚದಿಂದ ಗುಟುಕು ಗುಟುಕಾಗಿ ಕುಡಿಸುತ್ತಲೇ ಅಜ್ಜಿ ಮೊಮ್ಮಗಳಿಬ್ಬರನ್ನೂ ಆಟೋದಲ್ಲಿ ಹುಮನಾಬಾದಿನ ದವಾಖಾನೆಗೆ ಕರೆದೊಯ್ದಳು.

ಮಧ್ಯಾಹ್ನ ಮಹಜಬೀನ್ ಒಬ್ಬಳೇ ಮರಳಿ ಬಂದಳು. ಸಲಾಯಿನ್ ಹಚ್ಚಿದ್ದಾರೆ, ಇನ್ನೊಂದು ತಾಸು ತಡವಾಗಿದ್ದರೆ ಕೂಸು ದಕ್ಕುತ್ತಿರಲಿಲ್ಲ ಎಂದಳು. ಯಾಕೆ ಕೊಡಲಿಲ್ಲವೆಂದು ಕೇಳಿದಳು. ಬಕ್ಕಪ್ಪ ಕಥೆ ತೆಗೆದ. ಬೇಕೆಂದು ಮಾಡಿದ್ದಲ್ಲ, ಕಾಲು ಮುರಿದುಕೊಂಡವನಿಗೆ ಗೊತ್ತು ನೋವು, ಇದು ಅನುಭವದ ಮಾತು ಎಂದ.

ಮಹಜಬೀನ್ ಜಗಳಕ್ಕೆ ನಿಲ್ಲಲಿಲ್ಲ. "ಕಾಕಾ, ಜ್ವರ ಮೊದಲ ಬಂತೋ, ಗುಳ್ಳಿ ಮೊದಲ ಬಂದ್ವೋ ಅಂತ ನಾವು ಪೇಶಂಟಿಗಿ ಕೇಳತೀವಿ. ನೀವೂ ಹಂಗ ಹೇಳ್ರಿ. ಅಕಿ ಮಾರಿ ನೋಡಿದ್ದು ಏಣಿ ಹತ್ತೂಕಿಂತ ಮೊದಲೋ, ಬಿದ್ದ ಮ್ಯಾಗೋ?"

ಅದೇನು ದೊಡ್ಡ ಪ್ರಶ್ನೆ ಎಂದು ಬಕ್ಕಪ್ಪ ಹೇಳತೊಡಗಿದ. ಬಾಗಿಲು ತೆಗೆದೆ. ಊದುಬತ್ತಿ ಹಚ್ಚಿದೆ. ಏಣಿ ಹತ್ತಿದೆ. ಮೆಟ್ಟಿಲು ಸೀಳಿತ್ತು, ಹಗ್ಗ ಬಿಗಿದಿದ್ದೆ, ಅದು ಜಾರಿತು. ಕಣ್ಣು ಬಿಟ್ಟಾಗ ಚಂದಮ್ಮನ ಮುಖ ಕಂಡಿತು, ಮೇಲಿನಿಂದ, ತಲೆಕೆಳಗಾಗಿ. ನನ್ನ ಹಣೆ ಒದ್ದೆಯಾಗಿತ್ತು.

ಹೇಳುತ್ತಲೇ ಅವನ ಕೈ ಹಣೆಗೆ ಹೋಯಿತು.

ಒಳಬಾಗಿಲಲ್ಲಿ ನಿಂತಿದ್ದ ಶಕುಂತಲಾಬಾಯಿ ಮೆಲ್ಲಗೆ ಹೇಳಿದಳು. "ನೀವು ಬಿದ್ದ ಸಪ್ಪಳ ಕೇಳಿ ಅಕಿ ನಳದಿಂದ ಓಡಿ ಬಂದಳು. ತುಂಬಿದ ಕೊಡ ನಿಮ್ಮ ತಲಿಗಿ ಹಾಕಿ ಖಾಲಿ ಮಾಡಿದಳು. ನಾ ಹಿತ್ತಲದಿಂದ ಬರೂತನಕ ನಿಮ್ಮ ತಲಿ ಅಕಿ ತೊಡಿ ಮ್ಯಾಗ ಇತ್ತು."

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ?" ಎಂದ ಬಕ್ಕಪ್ಪ.

"ನೀವು ಹೇಳೂದು ಕೇಳಿ ಕೇಳಿ ನನಗೂ ಹಂಗ ಅನಸಾಕತ್ತಿತ್ತು."

ಖಾಲಿ ಕೊಡದ ಮಾತು ಸುಳ್ಳಾಗಿರಲಿಲ್ಲ. ಅದು ಖಾಲಿಯಾದದ್ದು ಯಾರಿಗಾಗಿ ಎಂಬುದೊಂದೇ ಕಥೆಯಿಂದ ಬಿಟ್ಟುಹೋಗಿತ್ತು.

"ಬೇಕಂತ ಸುಳ್ಳು ಹೇಳೀರಿ ಅಂತ ನಾ ಅನ್ನೂದಿಲ್ಲ ಕಾಕಾ," ಎಂದಳು ಮಹಜಬೀನ್. "ಮನಸು ಮೊದಲ ನಂಬಿಬಿಡತದ. ಆಮ್ಯಾಗ ಅದಕ್ಕ ಬೇಕಾದ ಸಾಕ್ಷಿ ಇಟಗೋತದ, ಬ್ಯಾಡಾದ್ದು ಬಿಡತದ. ನಿಮ್ಮೊಬ್ಬರದೇ ಅಲ್ಲ, ಎಲ್ಲಾರದೂ ಹಂಗ. ಅದಕ್ಕ ತಿರುಗಿ ಕೇಳಕೋಬೇಕು."

ಆ ಸಂಜೆ ಬಕ್ಕಪ್ಪ ಕುಂಟುತ್ತ ದವಾಖಾನೆಗೆ ಹೋದ. ಅವನು ಬರುವುದನ್ನು ಕಂಡ ಚಂದಮ್ಮ ಗಡಬಡಿಸಿ ಎದ್ದು, ಸೆರಗು ಮುಖಕ್ಕೆಳೆದುಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ತನ್ನ ಮುಖ ಅವನಿಗೆ ಕಾಣಬಾರದೆಂದು. ಬಕ್ಕಪ್ಪನಿಗೆ ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಷ್ಟು ನಾಚಿಕೆಯನ್ನು ಅವನು ಜನ್ಮದಲ್ಲಿ ಪಟ್ಟಿರಲಿಲ್ಲ.

"ಚಂದಮ್ಮಕ್ಕ, ಅವತ್ತ ನನ್ನ ಎತ್ತಿ ಕೂಡಿಸಿದಾಕಿ ನೀನು. ನಾ ಮರತೆ," ಎಂದ.

ಗೋಡೆಯ ಕಡೆಯಿಂದಲೇ ಅವಳ ಮಾತು ಬಂತು. "ನಿಮಗ ನೆನಪದ ಅಂತ ತಿಳಕೊಂಡಿದ್ದೆ ಅಣ್ಣಾ. ನೆನಪಿದ್ದೂ ಹಂಗ ಅಂತೀರಿ ಅಂತ."

ಬಕ್ಕಪ್ಪ ಕೂಸಿನ ಕಾಲ ಬಳಿ ಬಹಳ ಹೊತ್ತು ಕೂತಿದ್ದು ಬಂದ.

ಮರುದಿನದಿಂದ ಬಕ್ಕಪ್ಪ ತಾನು ಕಥೆ ಹೇಳಿದ ಅಂಗಡಿಗಳಿಗೆಲ್ಲ ಹೋಗಿ, ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿದ. ಮೊದಲಿನ ಕಥೆಯನ್ನು ಒಂದೇ ಮಾತಿಗೆ ನಂಬಿದ್ದವರು ಈಗ ಸಾಕ್ಷಿ ಕೇಳಿದರು. ನೀನು ಒಳ್ಳೆಯವ ಅಂತ ಅವಳ ಪರ ಮಾತಾಡುತ್ತೀ ಎಂದು ಆಟೋದವ ನಕ್ಕ. ಬಕ್ಕಪ್ಪ ಎರಡು ಸಲ, ಮೂರು ಸಲ ಹೋದ. ಕೆಲವರು ಇಂದಿಗೂ ನಂಬಿಲ್ಲ.

ಪೂನಂ ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ಚಂದಮ್ಮ ಉಪ್ಪಿಗೆಂದು ಬಂದಳು. ರೂಢಿಯಂತೆ ಕಂಬದ ಹತ್ತಿರವೇ ನಿಂತಳು. ಬಕ್ಕಪ್ಪ ಗಲ್ಲಾ ಬಿಟ್ಟು ಎದ್ದ. ಬೀದಿ ದಾಟಿ ಹೋಗಿ, ಬಾ ಅಕ್ಕಾ, ಬೋಣಿ ಮಾಡು ಎಂದು ಮುಂದೆ ಮಾಡಿಕೊಂಡು ಕರೆತಂದ. ಎಲ್ಲರೂ ನೋಡಿದರು. ಆ ದಿನ ಅಂಗಡಿಯಲ್ಲಿ ಏನಾಯಿತು ಗೊತ್ತೇ? ಏನೂ ಆಗಲಿಲ್ಲ. ಎಂದಿನ ವ್ಯಾಪಾರ, ಎಂದಿನ ಮಳೆ. ಏನೂ ಆಗದ ಆ ದಿನದ ಕಥೆಯನ್ನೇ ಬಕ್ಕಪ್ಪ ಈಗ ಎಲ್ಲರಿಗೂ ಹೇಳುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಮಗುವಿಗೆ ಭೇದಿ ಹತ್ತಿದರೆ ಬೋಣಿಯನ್ನಾಗಲಿ ಗಳಿಗೆಯನ್ನಾಗಲಿ ಕಾಯಬೇಡಿ, ಪುಡಿ ಕಲಸಿ ಕುಡಿಸಿ, ದವಾಖಾನೆಗೆ ಒಯ್ಯಿರಿ. ಮತ್ತೆ, ಯಾರ ಮೇಲಾದರೂ ಒಂದು ಮಾತು ಹೊರಿಸುವ ಮುಂಚೆ, ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ತಪ್ಪು ಹೇಳಿದ್ದರೆ, ಹೇಳಿದ ಮನೆಗಳಿಗೆಲ್ಲ ಹೋಗಿ ತಿದ್ದಿ, ನಾಚಿಕೆಯಾದರೂ ಹೋಗಿ. ನಾಳೆ ಬೆಳಿಗ್ಗೆ ಬಾಗಿಲು ತೆರೆದಾಗ ಎದುರಿನ ಕಂಬದ ಕಡೆ ಒಮ್ಮೆ ನೋಡಿ. ನಿಮ್ಮ ಕಥೆಗೆ ಹೆದರಿ ಅಲ್ಲಿ ಯಾರು ನಿಂತಿದ್ದಾರೆ?