ಟ್ರಯಲ್ ದುಡ್ಡು

"ಬಿಲ್ ಹಾಕದೆ ಟ್ರಾಲಿ ತಳ್ತೀಯೇನೇ ಮುಂಡೆ? ನಿಮ್ಮಪ್ಪ ಬಂದು ಹಾಕ್ತಾನಾ?"

ಮೇಸ್ತ್ರಿ ಟ್ರಾಲಿಗೆ ಒದ್ದ ರಭಸಕ್ಕೆ ಮೇಲಿದ್ದ ಹೊದಿಕೆಯೊಂದು ಜಾರಿ ಸೋಡಕ್ಕನ ಪಾದದ ಮೇಲೆ ಬಿತ್ತು. ಆಸ್ಪತ್ರೆಯ ಹೊದಿಕೆ. ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ಮಡಿಸಿದ್ದು. ಒದ್ದೆ ನೆಲದ ಕೊಳೆ ಮೆತ್ತಿಕೊಂಡು ಈಗ ಮತ್ತೆ ಒಗೆಯಬೇಕು. ಅವಳು ಬಗ್ಗಿ ಎತ್ತಿಕೊಂಡಳು, ಕಂಬಕ್ಕೆ ತಂತಿಯಿಂದ ಬಿಗಿದಿದ್ದ ಫೋನಿನ ಮುಂದೆ ಹೋಗಿ ನಿಂತು ಹೆಬ್ಬೆರಳು ಒತ್ತಿದಳು. ಫೋನು ಒಪ್ಪಲಿಲ್ಲ. ಹತ್ತೊಂಬತ್ತು ವರ್ಷದಿಂದ ಒಗೆಯುವ ಮೆಷಿನ್ನುಗಳಿಗೆ ಸೋಡಾ ಅಳೆದು ಸುರಿದ ಕೈ ಅದು. ಬೆರಳ ತುದಿ ಬೇಯಿಸಿದ ಗೆಣಸಿನ ಹಾಗೆ ಬೆಳ್ಳಗಾಗಿ ಸುಲಿದಿತ್ತು. ಮೂರನೆಯ ಸಲ ಉಗುಳು ಹಚ್ಚಿ ಒತ್ತಿದಾಗ ಫೋನು 'ಟಿಂಗ್' ಅಂದಿತು. ನಲವತ್ತು ಕಿಲೋ ಬಟ್ಟೆ. ಬಿಲ್ ಹೋಯಿತು. ಹಿಂದೆಯೇ ಇನ್ನೊಂದು ಟಿಂಗ್. ಬಿದ್ದ ಹೊದಿಕೆ ಫೋನಿನ ಕ್ಯಾಮೆರಾಕ್ಕೆ ಕಂಡಿತ್ತು; ಅದರ ದಂಡ, ಅಷ್ಟು ಕಡಿತ.

"ಒದ್ದೋನು ನೀನು, ದಂಡ ನಂದಾ?"

"ನಾನೆಲ್ಲಿ ಹಾಕ್ದೆ? ಅದೇ ಹಾಕ್ಕೊಂತು. ಅದನ್ನೇ ಬಯ್ಕೋ ಹೋಗು."

ಅದೇ ತೊಂದರೆಯಾಗಿತ್ತು. ಹಿಂದೆ ಗುಮಾಸ್ತನೊಬ್ಬ ಕೆಂಪು ಪೆನ್ನು ಹಿಡಿದು ಕೂಲಿ ಕತ್ತರಿಸುತ್ತಿದ್ದ. ಅವನ ಎದುರಿಗೆ ನಿಂತು ಹಿಡಿಶಾಪ ಹಾಕಬಹುದಿತ್ತು, ಕೈಕಾಲು ಹಿಡಿಯಬಹುದಿತ್ತು, ಒಂದು ದಿನ ಇಸ್ತ್ರಿ ಅಜ್ಜಿ ಮಾಡಿದಂತೆ ಮುಖಕ್ಕೆ ಗಂಜಿನೀರು ಎರಚಲೂಬಹುದಿತ್ತು. ಕಂಬಕ್ಕೆ ಕಟ್ಟಿದ ಫೋನಿಗೆ ಏನು ಮಾಡುವುದು?

ಐದು ವಾರದ ಹಿಂದೆ ಧಣಿ ಕಂಪ್ಯೂಟರಿನವನನ್ನು ಒಗೆಯುವ ಶೆಡ್ಡಿಗೇ ಕರೆತಂದಿದ್ದ. ಬೋಳುತಲೆಯ ಮೆತ್ತಗಿನ ಮನುಷ್ಯ. ಕೊಚ್ಚೆಯಲ್ಲಿ ಬೂಟು ನೆಂದರೂ ಮುಖ ಸಿಂಡರಿಸಲಿಲ್ಲ, ಎಲ್ಲರನ್ನೂ 'ಅಮ್ಮ' ಅಂದ. ಧಣಿ ಒಂದು ಬಕೆಟ್ಟು ಬೋರಲು ಹಾಕಿಸಿಕೊಂಡು ಅದರ ಮೇಲೆ ನಿಂತು, "ಇವತ್ತಿಂದ ನೀವ್ಯಾರೂ ಕೂಲಿಗಳಲ್ಲ, ನನ್ನ ಪಾರ್ಟ್ನರುಗಳು. ನಿಮ್ಮ ಬಿಲ್ ನೀವೇ ಹಾಕ್ಬೇಕು" ಅಂದಿದ್ದ. ಪಾರ್ಟ್ನರಿಗೆ ರಜೆಯ ಸಂಬಳ ಇಲ್ಲ, ಕೈಗವಸನ್ನೂ ತಾನೇ ಕೊಂಡುಕೊಳ್ಳಬೇಕು ಎಂಬುದು ಆಮೇಲೆ ತಿಳಿಯಿತು.

ಕಂಪ್ಯೂಟರಿನವನು ಕೈಬೆರಳುಗಳನ್ನು ಒಂದಕ್ಕೊಂದು ಕೊಕ್ಕೆ ಹಾಕಿ ತೋರಿಸಿದ್ದ. "ಇದಕ್ಕೆ ಬ್ಲಾಕ್‌ಚೈನ್ ಅಂತಾರಮ್ಮ. ಸರಪಣಿ ಇದ್ದ ಹಾಗೆ. ನೀವು ಹಾಕಿದ ಒಂದೊಂದು ಬಿಲ್ಲೂ ಒಂದೊಂದು ಕೊಂಡಿ. ಒಂದು ಸಲ ಸೇರ್ತು ಅಂದ್ರೆ ಯಾರಿಂದಲೂ ಅಳಿಸೋಕಾಗಲ್ಲ, ತಿದ್ದೋಕಾಗಲ್ಲ."

"ಸರಪಣಿ ಹಾಕೋದು ನಾಯಿಗೆ ಅಲ್ವಾ?" ಎಂದು ಇಸ್ತ್ರಿ ಅಜ್ಜಿ ಹಿಂದಿನಿಂದ ಅಂದದ್ದಕ್ಕೆ ಹೆಂಗಸರೆಲ್ಲ ನಕ್ಕಿದ್ದರು. ಸೋಡಕ್ಕ ನಗಲಿಲ್ಲ. ಹಿಂದಿನ ವರ್ಷ ಅವಳ ಹನ್ನೆರಡು ದಿನದ ಹಾಜರಿಯನ್ನು ರಿಜಿಸ್ಟರಿನಲ್ಲಿ ಬ್ಲೇಡಿನಿಂದ ಕೆರೆದು ತೆಗೆದಿದ್ದರು. ಕಾಗದ ಅಲ್ಲಿ ತೆಳುವಾಗಿದ್ದದ್ದನ್ನು ಅವಳು ಬೆರಳಲ್ಲಿ ಮುಟ್ಟಿ ನೋಡಿದ್ದಳು.

"ಧಣಿಗಳ ಕೈಲೂ ಕೆರೆಯೋಕೆ ಆಗಲ್ವಾ?" ಎಂದು ಕೇಳಿದಳು.

"ಅವರಪ್ಪನ ಕೈಲೂ ಆಗಲ್ಲಮ್ಮ" ಅಂದಿದ್ದ ಅವನು. ಧಣಿಯೂ ಜೊತೆಗೂಡಿ ನಕ್ಕಿದ್ದ.

ಮೊದಲು ಹೆಬ್ಬೆಟ್ಟು ಒತ್ತಿದವಳು ಸೋಡಕ್ಕ. "ಒತ್ರೇ. ಹೆಂಗೂ ಸುಲಿಸ್ಕೊಂಡಿದ್ದೀವಿ. ಈಗ ಬರೆದಿದ್ದಾದ್ರೂ ಉಳೀಲಿ" ಎಂದು ಉಳಿದ ಇಪ್ಪತ್ತೊಂದು ಹೆಂಗಸರನ್ನು ಒಪ್ಪಿಸಿದವಳೂ ಅವಳೇ. ಮೊದಲ ವಾರ ದುಡ್ಡು ನಿಜವಾಗಿ ಬ್ಯಾಂಕಿಗೆ ಬಂತು. ಎರಡನೆಯ ವಾರದಿಂದ ಫೋನಿನಲ್ಲಿ ಅಂಕಿ ಮಾತ್ರ ಏರತೊಡಗಿತು. ಕೇಳಿದರೆ, "ಮುಂದಿನ ಹಂತದಲ್ಲಿ ಬ್ಯಾಂಕಿಗೆ ಜೋಡಿಸ್ತೀವಮ್ಮ, ನಿಮ್ಮ ದುಡ್ಡು ಎಲ್ಲಿಗೂ ಹೋಗಲ್ಲ." ಅಂಕಿ ಬೆಳೆಯುವುದನ್ನು ನೋಡುತ್ತ ಹೆಂಗಸರು ಕಾದರು. ಓಣಿಯ ಅಂಗಡಿಯವನು ನಾಲ್ಕನೆಯ ವಾರಕ್ಕೆ ಸಾಲ ನಿಲ್ಲಿಸಿದ.

ಐದನೆಯ ವಾರ, ಸೋಮವಾರ, ಸೋಡಕ್ಕನ ನಾದಿನಿಗೆ ಸೂಜಿ ಚುಚ್ಚಿತು.

ಅವಳು ಹೊಲಸು ಬಟ್ಟೆ ವಿಂಗಡಿಸುವ ಕಟ್ಟೆಯಲ್ಲಿದ್ದವಳು. ಇಪ್ಪತ್ತಾರರ ಹೆಂಗಸು, ಮನೆಯಲ್ಲಿ ಎಂಟು ತಿಂಗಳ ಕೂಸು. ವಾರ್ಡಿನವರು ಸೂಜಿ, ಹತ್ತಿ, ಕೊಳವೆ ಎಲ್ಲವನ್ನೂ ಹೊದಿಕೆಯಲ್ಲೇ ಸುತ್ತಿ ಎಸೆಯುತ್ತಿದ್ದರು. ರಕ್ತ ಹೆಪ್ಪುಗಟ್ಟಿದ ಹೊದಿಕೆಯೊಂದನ್ನು ಕೊಡವುವಾಗ ಸೂಜಿ ಅಂಗೈಯ ಬುಡದಲ್ಲಿ ಅರ್ಧದವರೆಗೆ ಹೊಕ್ಕಿತು. ಅವಳು ಅದನ್ನು ಕಿತ್ತು ಹಿಡಿದುಕೊಂಡು, "ಅತ್ತಿಗೆ, ಇದ್ರೊಳಗೆ ಇನ್ನೂ ರಕ್ತ ಇದೆ ನೋಡು" ಎಂದಳಷ್ಟೆ.

ಸೋಡಕ್ಕ ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು, ಅದೇ ಆಸ್ಪತ್ರೆಗೆ ಕರೆದುಕೊಂಡು ಓಡಿದಳು. ಯಾರ ರಕ್ತವೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರು ಚೀಟಿ ಬರೆಯುತ್ತಲೇ ಹೇಳಿದ:

"ಏಡ್ಸ್ ಅಂಟದ ಹಾಗೆ ಇಪ್ಪತ್ತೆಂಟು ದಿನದ ಗುಳಿಗೆ. ಮೂರು ದಿನದೊಳಗೆ ಶುರು ಮಾಡ್ಬೇಕು. ಆಮೇಲೆ ತಗೊಂಡ್ರೂ ಒಂದೇ, ಬಿಟ್ರೂ ಒಂದೇ. ಮಗೂಗೆ ಹಾಲು ಕೊಡ್ಬೇಡ."

"ಎಷ್ಟು ದಿನ ಕೊಡ್ಬಾರ್ದು?"

"ಮೂರು ತಿಂಗಳಾದ್ಮೇಲೆ ಪರೀಕ್ಷೆ ಮಾಡ್ತೀವಲ್ಲ, ಆಗ ಹೇಳ್ತೀನಿ."

ಔಷಧದ ಕಿಟಕಿಯಲ್ಲಿ ಒಂಬತ್ತು ಸಾವಿರ ಕೇಳಿದರು. ಕಂಬದಲ್ಲಿ ಕಾಣುವ ಲೆಕ್ಕವೇ ನಾದಿನಿಯ ಹಳೆಯ ಫೋನಿನಲ್ಲೂ ಕಾಣುತ್ತಿತ್ತು: ಹನ್ನೊಂದು ಸಾವಿರದ ಇನ್ನೂರು. ಅವಳು ಅದನ್ನು ಕಿಟಕಿಯೊಳಕ್ಕೆ ಚಾಚಿದಳು. ಔಷಧದವನು ತಿರುಗಿಸಿ ಮುರುಗಿಸಿ ನೋಡಿದ, ಪಕ್ಕದವನಿಗೂ ತೋರಿಸಿದ.

"ಇದೇನಮ್ಮ, ಆಟದ ದುಡ್ಡಾ?"

"ನಾನು ದುಡಿದಿದ್ದು. ಈ ಆಸ್ಪತ್ರೆ ಬಟ್ಟೇನೇ ಒಗೆದಿದ್ದು."

"ಹಂಗಾದ್ರೆ ಕೆಲಸ ಕೊಟ್ಟೋರ ಹತ್ರ ಹೋಗು. ಮುಂದಿನೋರು ಬನ್ನಿ."

ಸಾಲ ಕೇಳಿಕೊಂಡು ಹೋಗಲು ಮನೆಯೊಂದೂ ಉಳಿದಿರಲಿಲ್ಲ. ಓಣಿಯ ತುಂಬ ಇದ್ದವರು ಅದೇ ಶೆಡ್ಡಿನ ಹೆಂಗಸರು. ಎಲ್ಲರ ಫೋನಿನಲ್ಲೂ ಸಾವಿರಗಟ್ಟಲೆ ಇತ್ತು, ಎಲ್ಲರ ಮನೆಯ ಡಬ್ಬವೂ ಬರಿದಾಗಿತ್ತು. ಇಸ್ತ್ರಿ ಅಜ್ಜಿ ಕಿವಿಯದನ್ನು ಬಿಚ್ಚಿಕೊಟ್ಟಳು, ಇನ್ನೊಬ್ಬಳು ಹೊಲಿಗೆ ಮೆಷಿನ್ನು ಮಾರಿದಳು. ಎಲ್ಲ ಸೇರಿ ಮೂರು ಸಾವಿರ. ಔಷಧದವನು, "ಮೂರನೇ ಒಂದು ಭಾಗ ಕೊಡೋಕೆ ಇದೇನು ಸೊಪ್ಪಾ?" ಅಂದ.

ಮನೆಯಲ್ಲಿ ಕೂಸು ಒಂದೇ ಸಮನೆ ಹೊಡೆದುಕೊಂಡು ಅಳುತ್ತಿತ್ತು. ಬಾಟಲಿಯನ್ನು ಬಾಯಿಗಿಟ್ಟರೆ ತಲೆ ಕೊಡವಿ, ತಾಯಿಯ ವಾಸನೆ ಬಂದ ಕಡೆಗೇ ಹೊರಳುತ್ತಿತ್ತು. ನಾದಿನಿ ಹರಿದ ಹೊದಿಕೆಯ ಪಟ್ಟಿಯಿಂದ ಎದೆಯನ್ನು ಬಿಗಿಯಾಗಿ ಕಟ್ಟಿಕೊಂಡು, ಕೂಸಿಗೆ ಕಾಣದ ಹಾಗೆ ಬಾಗಿಲ ಹೊರಗೆ ಗೋಡೆಗೆ ಹಣೆ ಒತ್ತಿ ನಿಂತಿದ್ದಳು.

"ಒಂದೇ ಒಂದು ಸಲ ಕೊಡ್ಲಾ ಅತ್ತಿಗೆ? ಒಂದು ಸಲಕ್ಕೇನಾಗುತ್ತೆ?"

ಸೋಡಕ್ಕ ಕೂಸನ್ನು ಎತ್ತಿಕೊಂಡು ಬಾಗಿಲು ಮುಂದಕ್ಕೆಳೆದಳು. ಒತ್ರೇ ಎಂದು ಹೇಳಿದ ತನ್ನ ಬಾಯಿಗೆ ಸೋಡಾ ಸುರಿದುಕೊಳ್ಳಬೇಕು ಅನ್ನಿಸಿತು ಅವಳಿಗೆ.

ಮೂರನೆಯ ದಿನ ಬೆಳಗ್ಗೆ ಅವಳು ಮಹಡಿಯ ಆಫೀಸಿಗೆ ಹತ್ತಿದಳು. ಮೇಸ್ತ್ರಿ ತಡೆದರೂ ನಿಲ್ಲಲಿಲ್ಲ. ಧಣಿಯೂ ಕಂಪ್ಯೂಟರಿನವನೂ ಗೋಡೆಯ ದೊಡ್ಡ ಪರದೆ ನೋಡುತ್ತ ಕುಳಿತಿದ್ದರು. ಪರದೆಯ ಮೇಲೆ 'ಪ್ರಗತಿ' ಎಂದಿತ್ತು. ಕೆಳಗೆ ಹಸಿರು ಪಟ್ಟಿಗಳು. ಬಿಲ್ಲಿಂಗ್, ನೂರಕ್ಕೆ ನೂರು. ದಂಡ ಕಡಿತ, ನೂರಕ್ಕೆ ನೂರು. ಪಾವತಿ, ನೂರಕ್ಕೆ ನಲವತ್ತು.

"ಯಾರೋ ಅವಳನ್ನ ಒಳಗೆ ಬಿಟ್ಟಿದ್ದು? ಕಾರ್ಪೆಟ್ಟಿಂದ ಇಳಿ. ಕಾಲು ನೋಡ್ಕೋ" ಎಂದ ಧಣಿ.

ಸೋಡಕ್ಕ ಇಳಿದು ಬಾಗಿಲ ಹೊರಗಿನಿಂದಲೇ ಹೇಳಿದಳು. ಸೂಜಿ, ಗುಳಿಗೆ, ಕೂಸು, ಇವತ್ತು ಕೊನೆಯ ದಿನ. "ಸಾಲ ಬೇಡ ಧಣಿ, ದಾನಾನೂ ಬೇಡ. ಅವಳ ಲೆಕ್ಕದಲ್ಲಿರೋ ದುಡ್ಡೇ ಸಾಕು."

ಧಣಿ ಕಂಪ್ಯೂಟರಿನವನ ಕಡೆ ನೋಡಿದ. ಅವನು ಕುರ್ಚಿ ತಿರುಗಿಸಿಕೊಂಡು ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಹೇಳಿದ:

"ಅಮ್ಮ, ಅದು ಟ್ರಯಲ್ ದುಡ್ಡು. ಸಿಸ್ಟಮ್ ಸರಿಯಾಗಿ ನಡೆಯುತ್ತಾ ಅಂತ ನೋಡೋಕೆ ಹಾಕಿದ ಅಂಕಿ. ಅದಕ್ಕೆ ಹೊರಗಡೆ ಬೆಲೆ ಇಲ್ಲ."

"ನಾವು ಒಗೆದ ಬಟ್ಟೆ ಟ್ರಯಲ್ಲಾ?"

"ಅಲ್ಲ, ಬಟ್ಟೆ ನಿಜವಾದ್ದೇ. ನಿಜವಾದ ಕೆಲಸ ಇದ್ರೇನೇ ಪರೀಕ್ಷೆ ಚೆನ್ನಾಗಾಗೋದು."

"ಆಸ್ಪತ್ರೆಯೋರು ಧಣಿಗೆ ಕೊಟ್ಟ ದುಡ್ಡೂ ಟ್ರಯಲ್ಲಾ?"

ಧಣಿ ಪರದೆಯ ಕಡೆ ತಿರುಗಿಕೊಂಡ. ಕಂಪ್ಯೂಟರಿನವನು ಕೆಮ್ಮಿದ. "ಶನಿವಾರ ದೊಡ್ಡೋರು ನೋಡೋಕೆ ಬರ್ತಾರೆ. ಅದಾದ್ಮೇಲೆ ಹಳೇದನ್ನೆಲ್ಲ ಒರೆಸಿ ಹೊಸದಾಗಿ ಶುರು ಮಾಡ್ತೀವಮ್ಮ. ಸೊನ್ನೆಯಿಂದ."

"ಅಳಿಸೋಕೇ ಆಗಲ್ಲ ಅಂದಿದ್ರಿ."

"ಅದು ಅಸಲಿ ಸರಪಣೀಲಿ. ಇದು ಟ್ರಯಲ್ ಅಲ್ವಾ."

ಧಣಿಗೆ ತಾಳ್ಮೆ ಮುಗಿಯಿತು. "ಏಯ್, ಅವಳು ನನ್ನ ಕೂಲಿಯಲ್ಲ, ಪಾರ್ಟ್ನರು. ಕೈಗವಸು ಹಾಕ್ಕೊಳ್ದೆ ಕೈ ಹಾಕಿದ್ದು ಅವಳ ತಪ್ಪು. ಎದೇಲಿ ಹಾಲಿಟ್ಕೊಂಡು ಯಾವಳೇ ಕೆಲಸಕ್ಕೆ ಬರೋದು? ಹೋಗಿ ಗಂಡನ್ನ ಕೇಳು, ಗಂಡ ಬಿಟ್ಟೋಗಿದ್ರೆ ಇನ್ಯಾವನನ್ನಾದ್ರೂ ಕೇಳು. ಇಲ್ಲಿ ನಿಂತು ನಾತ ಹಬ್ಬಿಸ್ಬೇಡ."

ಆ ದಿನ ಮುಳುಗಿತು. ಗುಳಿಗೆ ಬರಲಿಲ್ಲ.

ಶನಿವಾರ ಶೆಡ್ಡಿನ ಮುಂಭಾಗಕ್ಕೆ ಸುಣ್ಣ ಬಳಿಸಿದ್ದರು. ಮೇಸ್ತ್ರಿ ಎಲ್ಲರಿಗೂ ನೀಲಿ ಕೈಗವಸು ಹಂಚಿ, "ಫೋಟೋ ಆದ್ಮೇಲೆ ವಾಪಸ್ ಕೊಡ್ಬೇಕು, ಎಣಿಸಿದ್ದೀನಿ" ಎಂದ. ಮೂರು ಕಾರು ಬಂದವು. ಹಣ ಹೂಡುವವರು ನಾಲ್ವರು, ಆಸ್ಪತ್ರೆಯ ಕಡೆಯಿಂದ ಒಬ್ಬಳು ಹಿರಿಯ ಡಾಕ್ಟರು. ಎಲ್ಲರೂ ಮಹಡಿಗೆ ಹೋದರು. ಹೆಬ್ಬೆಟ್ಟು ಒತ್ತಿ ತೋರಿಸಲು ಧಣಿ ಆರಿಸಿದ್ದು ಸೋಡಕ್ಕನನ್ನು. ಮೊದಲು ಒತ್ತಿದವಳು, ಹಳೆಯ ಆಳು, ಹೇಳಿಕೊಳ್ಳಲು ಚೆಂದ.

"ಕರೆದಾಗ ಮಡಿಸಿದ ಬಟ್ಟೆ ಒಂದು ಟ್ರಾಲಿ ತಗೊಂಡು ಬಾ. ನಗ್ತಾ ನಿಂತ್ಕೋ. ಬಾಯಿ ಬಿಟ್ಟೆಯೋ, ಹಲ್ಲು ಉದುರಿಸ್ತೀನಿ" ಎಂದು ಹೇಳಿ ಮೇಸ್ತ್ರಿ ಕಾರುಗಳ ಕಡೆ ನಡೆದ.

ಮೇಲಿನಿಂದ ಕರೆ ಬಂತು. ಸಾಮಾನಿನ ಲಿಫ್ಟು ಏರಿತು. ಬಾಗಿಲು ತೆರೆದಾಗ ಧಣಿ ಪರದೆಯ ಮುಂದೆ ನಿಂತು, "ಎರಡು ಸಾವಿರದ ಮುನ್ನೂರು ಬಿಲ್ಲು, ಒಂದೇ ಒಂದು ತಕರಾರಿಲ್ಲ" ಎನ್ನುತ್ತಿದ್ದ. ಸೋಡಕ್ಕ ಟ್ರಾಲಿಯನ್ನು ಕಾರ್ಪೆಟ್ಟಿನ ಮೇಲೆ ತಳ್ಳಿಕೊಂಡು ಬಂದಳು. ಅದರಲ್ಲಿದ್ದದ್ದು ಮಡಿಸಿದ ಬಟ್ಟೆಯಲ್ಲ. ಬೆಳಗ್ಗೆ ಆಸ್ಪತ್ರೆಯಿಂದ ಬಂದು ಇನ್ನೂ ಗಂಟು ಬಿಚ್ಚದ ಹೊಲಸು. ಅವಳ ಹಿಂದೆ ಇಸ್ತ್ರಿ ಅಜ್ಜಿ ಇನ್ನೊಂದು ಟ್ರಾಲಿ ತಂದಳು. ಮೆಟ್ಟಿಲ ಮೇಲಿಂದ ಉಳಿದ ಹೆಂಗಸರು ಗಂಟುಗಳನ್ನು ತಲೆಯ ಮೇಲೆ ಹೊತ್ತು ಬಂದರು. ಗಾಜಿನ ಮೇಜಿನ ಮೇಲೆ, ನೀರಿನ ಬಾಟಲಿಗಳ ನಡುವೆ, ಅತಿಥಿಗಳ ಬೂಟುಗಳ ಸುತ್ತ ಗಂಟು ಬಿಚ್ಚಿ ಸುರಿದರು. ರಕ್ತ, ಕೀವು, ಹೇಲು ಮೆತ್ತಿದ ಹೊದಿಕೆಗಳು ಬಾಗಿಲ ತನಕ ಹರಡಿಕೊಂಡವು. ತಂಪು ಗಾಳಿಯ ಕೋಣೆಯಲ್ಲಿ ವಾಸನೆ ಒಂದೇ ಉಸಿರಿಗೆ ತುಂಬಿತು.

"ಲೌಡೀರಾ, ಪೊಲೀಸರನ್ನ ಕರೆಸ್ತೀನಿ" ಎಂದು ಧಣಿ ಮುಂದೆ ಬಂದ.

"ಕರೆಸಿ. ನೋಡ್ಕೊಂಡು ಕಾಲಿಡಿ, ಒಳಗೆ ಸೂಜಿ ಇರ್ತವೆ" ಎಂದಳು ಸೋಡಕ್ಕ.

ಧಣಿ ಎತ್ತಿದ ಕಾಲನ್ನು ಇದ್ದಲ್ಲೇ ಇಳಿಸಿದ. ಒಬ್ಬ ಅತಿಥಿ ಕುರ್ಚಿಯ ಮೇಲೆ ಹತ್ತಿ ನಿಂತ, ಅವನನ್ನು ನೋಡಿ ಇನ್ನೊಬ್ಬ. ಕಂಪ್ಯೂಟರಿನವನು ತನ್ನ ಕಂಪ್ಯೂಟರನ್ನು ಎದೆಗವಚಿಕೊಂಡು ಮೇಜಿನ ಮೂಲೆಗೆ ಏರಿ ಕುಳಿತ. ಬಾಗಿಲಲ್ಲಿ ಟ್ರಾಲಿಗಳು ಅಡ್ಡ ನಿಂತಿದ್ದವು. ಹೆಂಗಸರು ಕಾರ್ಪೆಟ್ಟಿನ ಮೇಲೆ ಸಾಲಾಗಿ ಕುಕ್ಕರಗಾಲಲ್ಲಿ ಕುಳಿತು ದಿನದಂತೆ ವಿಂಗಡಿಸತೊಡಗಿದರು. ರಕ್ತದ್ದು ಒಂದು ಕಡೆ, ಹೇಲಿನದು ಒಂದು ಕಡೆ, ಹರಿದದ್ದು ಒಂದು ಕಡೆ. ಸಿಕ್ಕ ಸೂಜಿಗಳನ್ನು ಅತಿಥಿಗಳ ಚಹಾದ ಬಟ್ಟಲುಗಳಲ್ಲಿ ಹಾಕಿದರು.

ಡಾಕ್ಟರಮ್ಮ ಒಬ್ಬಳೇ ಕುರ್ಚಿ ಹತ್ತದೆ ಇದ್ದಲ್ಲೇ ನಿಂತಿದ್ದಳು. ನಾದಿನಿ ಎದ್ದು, ಎಡಗೈಯ ಗವಸು ಕಳಚಿ ಅವಳ ಎದುರಿಗೆ ಹೋದಳು. ಕಟ್ಟಿದ ಪಟ್ಟಿಯನ್ನೂ ಮೀರಿ ಹಾಲು ಒಸರಿ ಮೈಮೇಲಿನ ಬಟ್ಟೆ ಎರಡೂ ಕಡೆ ನೆಂದಿತ್ತು.

"ಅಮ್ಮ, ನೀವು ಡಾಕ್ಟರಲ್ವಾ? ನಿಮ್ಮ ಆಸ್ಪತ್ರೆ ಸೂಜಿ ಚುಚ್ಚಿ ಇವತ್ತಿಗೆ ಆರು ದಿನ. ಈಗ್ಲಾದ್ರೂ ಗುಳಿಗೆ ನುಂಗಿದ್ರೆ ನಡೆಯುತ್ತಾ?"

ಡಾಕ್ಟರಮ್ಮ ಅವಳ ಅಂಗೈ ನೋಡಿದಳು, ನೆಂದ ಎದೆ ನೋಡಿದಳು. ಆಮೇಲೆ ಮುಖ ತಿರುಗಿಸಿದಳು.

ನಾದಿನಿ ತನ್ನ ಜಾಗಕ್ಕೆ ಮರಳಿ ಕುಳಿತು, ಬಲಗೈಯ ನೀಲಿ ಗವಸನ್ನೂ ಕಿತ್ತು ಪಕ್ಕಕ್ಕೆಸೆದು, ಬರಿಗೈಯಲ್ಲೇ ಹೊದಿಕೆಯೊಂದನ್ನು ಎಳೆದುಕೊಂಡಳು.

ಸೋಡಕ್ಕ ಎರಡನೆಯ ಸರದಿ ತರಲು ಲಿಫ್ಟಿನ ಕಡೆ ನಡೆದಳು. ಕೆಳಗೆ ಇನ್ನೂ ಹದಿನಾಲ್ಕು ಗಂಟು ಇದ್ದವು.