ಹೆಬ್ಬೆಯಮ್ಮನ ಹರಕೆ

ನಮ್ಮ ಮಾವ ಷಣ್ಮುಖಪ್ಪನವರಿಗೆ ಬೀರೂರಿನಲ್ಲಿ ಕೊಬ್ಬರಿ ಮಂಡಿ ಇತ್ತು. ಮಂಡಿಗೊಂದು ಮಟಾಡೋರ್ ವ್ಯಾನಿತ್ತು, ಮನೆಯಲ್ಲಿ ಇಬ್ಬರು ಸೊಸೆಯರಿದ್ದೆವು. ವ್ಯಾನು ದಿನಾ ಊರೂರು ಸುತ್ತುತ್ತಿತ್ತು, ನಾವು ಸುತ್ತುತ್ತಿರಲಿಲ್ಲ. ಹೆಂಗಸರು ಹೊಸಿಲು ದಾಟಬೇಕಾದರೆ ಮದುವೆಯೋ ನಾಮಕರಣವೋ ದೇವರೋ ಇರಬೇಕು ಎಂಬುದು ಮಾವನ ಕಾನೂನು. ಕೆಟ್ಟವರೇನಲ್ಲ. ಸುಮ್ಮನೆ ಹೋಗಿ ಒಂದು ಜಾಗ ನೋಡಿಕೊಂಡು ಬರುವುದು ಅಂದರೇನು ಅಂತ ಅವರಿಗೆ ನಿಜವಾಗಿಯೂ ಅರ್ಥವಾಗುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಮಾತ್ರ ಎಲ್ಲರೂ ಅಯ್ಯನಕೆರೆಗೆ ಹೋಗುತ್ತಿದ್ದೆವು. ಅಲ್ಲಿ ಏರಿಯ ಮೇಲೆ, ಒಂದು ಮರದಡಿಯಲ್ಲಿ, ಏರಿಯಮ್ಮ ಅಂತ ಒಂದು ಕಲ್ಲು. ಮಾವ ಅದಕ್ಕೆ ಕಾಯಿ ಒಡೆದು ಕೈಮುಗಿದು ವ್ಯಾನಿನ ಕಡೆ ಹೊರಟುಬಿಡುತ್ತಿದ್ದರು. ನಮ್ಮತ್ತೆ ಕಾಶಮ್ಮ ಮಾತ್ರ ನೀರಿನ ಕಡೆ ಮುಖ ಮಾಡಿ ಕೂತರೆ ಎಷ್ಟು ಕರೆದರೂ ಏಳುತ್ತಿರಲಿಲ್ಲ. ವಯಸ್ಸಾಯಿತು, ಮಂಡಿ ನೋವು ಇರಬೇಕು ಅಂತ ನಾನು ಅಂದುಕೊಂಡಿದ್ದೆ.

ನನ್ನ ಓರಗಿತ್ತಿ ಮಲ್ಲಿಕಾಂಬ ಪಂಚನಹಳ್ಳಿ ಕಡೆಯ ಹುಡುಗಿ. ಆಳದ ಬಾವಿಯಿಂದ ನೀರು ಸೇದಿ ಸೇದಿ ಅಂಗೈ ಗಟ್ಟಿಯಾಗಿತ್ತು. ಆ ವರ್ಷ, ಎಪ್ಪತ್ತೊಂಬತ್ತರಲ್ಲಿ, ಮಂಡಿಗೆ ಬಂದ ಕ್ಯಾಲೆಂಡರಿನ ಒಂದು ಹಾಳೆಯಲ್ಲಿ ಹೆಬ್ಬೆ ಜಲಪಾತದ ಚಿತ್ರವಿತ್ತು. ತಿಂಗಳು ಮುಗಿದರೂ ಅವಳು ಹಾಳೆ ತಿರುವಲು ಬಿಡಲಿಲ್ಲ. ನಮ್ಮ ಮನೆಯಲ್ಲಿ ಹಬ್ಬದ ತಾರೀಖೆಲ್ಲ ಏರುಪೇರಾಯಿತು.

“ಯಾರೂ ಸೇದದೆ ಅಷ್ಟೊಂದು ನೀರು ತಾನೇ ಬೀಳ್ತದಲ್ಲಕ್ಕಾ, ಅದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು” ಅನ್ನುತ್ತಿದ್ದಳು. ಧೈರ್ಯ ಮಾಡಿ ಮಾವನನ್ನೂ ಕೇಳಿದಳು.

“ನೀರು ನೋಡಕ್ಕೆ ಅಷ್ಟು ದೂರ ಯಾಕಮ್ಮ? ಹಿತ್ಲಲ್ಲಿ ಬಾವಿ ಇಲ್ವಾ?” ಅಂದರು ಮಾವ. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಅಷ್ಟರಲ್ಲಿ ಅವಳ ಗಂಡ ಓಂಕಾರಮೂರ್ತಿಗೆ ಜ್ವರ ಬಂತು. ಹದಿನೈದು ದಿನ ಮಲಗಿದವನು ಎದ್ದು ಕೂತು ಗಂಜಿ ಕೇಳಿದ ದಿನ, ಮಲ್ಲಿಕಾಂಬ ಮಾವನ ಮುಂದೆ ನಿಂತು ಹೇಳಿಯೇಬಿಟ್ಟಳು: “ಮಾವ, ಹೆಬ್ಬೆಯಮ್ಮಂಗೆ ಹರಕೆ ಹೊತ್ತಿದ್ದೆ. ಫಾಲ್ಸ್ ಹತ್ರಾನೇ ಗುಡಿ.”

ಹೆಬ್ಬೆಯಮ್ಮ ಎಂಬ ದೇವರು ಹುಟ್ಟಿದ್ದು ಆ ಕ್ಷಣದಲ್ಲಿ, ನನ್ನ ಕಣ್ಣೆದುರಿಗೆ. ನಾನು ಸಾರಿಗೆ ಉಪ್ಪು ಹಾಕುತ್ತಿದ್ದವಳು ಇನ್ನೊಂದು ಹಿಡಿ ಹಾಕಿಬಿಟ್ಟೆ.

ನಾನೂ ಅವಳೂ ಡ್ರೈವರ್ ಮುದ್ದಪ್ಪನ ಜೊತೆ ಹೋಗಿ ಬರುವುದು ಅಂತ ಅವಳ ಲೆಕ್ಕ. ಮಾವನ ಲೆಕ್ಕವೇ ಬೇರೆ. “ಹರಕೆ ಅಂದ್ಮೇಲೆ ಮನೆ ಯಜಮಾನ ಇಲ್ದಿದ್ರೆ ಹೆಂಗೆ? ನಾನೂ ಬತ್ತೀನಿ, ನಿಮ್ಮತ್ತೇನೂ ಬರ್ಲಿ” ಅಂದವರೇ ಅಂಗಡಿ ಬೀದಿಗೆ ಹೋಗಿ ದೇವಿಗೆ ಉಡಿಸಲು ಹಸಿರು ಸೀರೆ, ಬಳೆ, ಅರಿಶಿನ ಕುಂಕುಮ ಎಲ್ಲ ತಂದರು. ಆ ಸೀರೆಯ ಜರಿ ನೋಡಿ ಮಲ್ಲಿಕಾಂಬನ ಮುಖ ಸುಣ್ಣವಾಯಿತು. ಅತ್ತೆ ಮಾತ್ರ ತಮ್ಮ ಪಾಡಿಗೆ ಬುತ್ತಿ ಕಟ್ಟಿದರು.

ಕಾರ್ತೀಕದ ತಿಳಿ ಬಿಸಿಲು. ತರೀಕೆರೆ ದಾಟಿ, ಲಿಂಗದಹಳ್ಳಿ ದಾಟಿ, ಕಲ್ಲತ್ತಿಗಿರಿಯಲ್ಲಿ ವೀರಭದ್ರನಿಗೆ ಕೈಮುಗಿದು ಘಾಟಿ ಹತ್ತಿದೆವು. ತಿರುವಿಗೊಂದು ಹಸಿರು. ಹಾಡು ಬಾಯಿಗೆ ಬರುತ್ತಿತ್ತು, ಮಾವ ಇದ್ದಾರಲ್ಲ ಅಂತ ನುಂಗಿಕೊಂಡೆ. ವ್ಯಾನು ಹೋಗುವಷ್ಟು ದೂರ ಹೋಗಿ ನಿಂತಿತು. ಅಲ್ಲಿಂದ ಕಾಫಿ ತೋಟದ ನಡುವೆ ಕಾಲುದಾರಿ, ಅಡ್ಡಡ್ಡ ಹರಿಯುವ ಹಳ್ಳ, ಕಾಲಿಗೆ ಜಿಗಣೆ. ಅತ್ತೆ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಎಲ್ಲರ ಕಾಲಿಗೂ ಹಚ್ಚಿದರು. ಮಾವ ಹಣ್ಣುಕಾಯಿ ಬುಟ್ಟಿಯನ್ನು ಮುದ್ದಪ್ಪನಿಗೂ ಕೊಡದೆ ತಾವೇ ಹೊತ್ತು, ಪಂಚೆ ಎತ್ತಿ ಕಟ್ಟಿ, ಏದುಸಿರು ಬಿಡುತ್ತಾ ನಡೆದರು.

“ಗುಡಿ ಎಲ್ಲಮ್ಮಾ?”

“ಇನ್ನೊಂಚೂರು ಮುಂದೆ ಮಾವ.”

ಪ್ರತಿ ಹಳ್ಳ ದಾಟಿದಾಗಲೂ ಇದೇ ಮಾತು. ಹೋಗ್ತಾ ಹೋಗ್ತಾ ಅವಳ ದನಿ ಸಣ್ಣದಾಯಿತು. ವಾಪಸ್ ಹೋಗೋಣವೇ ಅಂತ ನನ್ನ ಕಡೆ ನೋಡಿದಳು. ಆಗ ಮರಗಳ ಹಿಂದಿನಿಂದ ಮೊರೆತ ಕೇಳಿಸಿತು.

ದಾರಿ ತಿರುಗಿದ ಕೂಡಲೇ ಎದುರಿಗೇ ಹೆಬ್ಬೆ. ನಾನು ಏನು ಬರೆದರೂ ಸುಳ್ಳೇ. ಅಷ್ಟೆತ್ತರದ ಬಂಡೆಯ ಮೇಲಿಂದ ನೀರು ಬೀಳುತ್ತಲೇ ಇತ್ತು, ಬೀಳುತ್ತಲೇ ಇತ್ತು. ಮಲ್ಲಿಕಾಂಬ ಹರಕೆ, ಮಾವ, ಸುಳ್ಳು ಎಲ್ಲ ಮರೆತು ಉಟ್ಟ ಸೀರೆಯಲ್ಲೇ ನೀರಿಗಿಳಿದು ಎರಡೂ ಕೈ ಚಾಚಿ ನಿಂತಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಆ ಹನಿಗಳಲ್ಲಿ ಗೊತ್ತಾಗಲಿಲ್ಲ. ನನಗಂತೂ ಅಳು ಬಂತು.

ಮಾವ ಸುತ್ತಲೂ ನೋಡಿದರು. ಬಂಡೆ, ನೀರು, ಕಾಡು. “ಎಲ್ಲಿ, ಗುಡಿ ಎಲ್ಲಿ?”

ಮಲ್ಲಿಕಾಂಬ ತೊಟ್ಟಿಕ್ಕುತ್ತಾ ಬಂದು ತಲೆ ತಗ್ಗಿಸಿ ನಿಂತಳು. “ಗುಡಿ ಇಲ್ಲ ಮಾವ. ಹೆಬ್ಬೆಯಮ್ಮಾನೂ ಇಲ್ಲ. ನೀರು ನೋಡ್ಬೇಕಿತ್ತು, ಅಷ್ಟೇ.”

ಮಾವನ ಕಿವಿ ಕೆಂಪಾಯಿತು. “ದೇವರ ಹೆಸರಲ್ಲಿ ಸುಳ್ಳಾ? ನಮ್ಮನೇಲಿ? ಕೇಳಿದ್ಯೇನೇ ಕಾಶಿ, ನಿನ್ ಸೊಸೆ ಮಾಡಿರೋ ಕೆಲಸಾನ?”

ಅತ್ತೆ ಬಂಡೆಯ ಮೇಲೆ ಕೂತು ನೀರನ್ನೇ ನೋಡುತ್ತಿದ್ದರು. ಮುಖ ತಿರುಗಿಸಲಿಲ್ಲ. “ಏರಿಯಮ್ಮಾನೂ ಇಲ್ಲ ಕಣ್ರೀ.”

“ಏನಂದೆ?”

“ಅಯ್ಯನಕೆರೆ ಏರಿ ಮೇಲೆ ವರ್ಷಾ ವರ್ಷಾ ಕಾಯಿ ಒಡೀತೀರಲ್ಲ, ಅದು ಬರೀ ಕಲ್ಲು. ಮದ್ವೆಯಾದ ಹೊಸದ್ರಲ್ಲಿ ನಾನೇ ಕುಂಕುಮ ಹಚ್ಚಿದ್ದು. ಕೆರೆ ನೋಡ್ಬೇಕು ಅಂತ ನಾನೂ ನಿಮ್ಮನ್ನ ಕೇಳಿದ್ದೆ. ನನಗೂ ಇದೇ ಹಿತ್ಲ ಬಾವಿ ತೋರಿಸಿದ್ರಿ.”

ಮುದ್ದಪ್ಪ ಮೆಲ್ಲಗೆ ಕಾಫಿ ಗಿಡದ ಮರೆಗೆ ಸರಿದ. ಮಾವ ಬುಟ್ಟಿ ಕೆಳಗಿಟ್ಟರು. ಒಮ್ಮೆ ಅತ್ತೆಯನ್ನು, ಒಮ್ಮೆ ಸೊಸೆಯನ್ನು ನೋಡಿದರು. ಕಡೆಗೆ ತಲೆ ಎತ್ತಿ, ನೀರು ಎಲ್ಲಿಂದ ಬೀಳುತ್ತಿದೆಯೋ ಅಲ್ಲಿಗೆ ನೋಡಿದರು. ಬಂದಾಗಿನಿಂದ ಅವರು ಆ ಕಡೆ ಸರಿಯಾಗಿ ನೋಡಿದ್ದೇ ಆಗ ಅನ್ನಿಸುತ್ತದೆ.

“ಹುಡುಗಿ ನಡುಗ್ತಾವ್ಳೆ” ಅಂದರು ಕೊನೆಗೆ, ನನ್ನ ಕಡೆ ತಿರುಗಿ. “ತೀರ್ಥಮ್ಮ, ಆ ಹಸಿರು ಸೀರೆ ತೆಗೆದು ಅವಳಿಗೇ ಉಡ್ಸಮ್ಮ.”

ದೇವಿಯ ಸೀರೆ ಉಟ್ಟು, ದೇವಿಯ ಬಳೆ ತೊಟ್ಟು ಮಲ್ಲಿಕಾಂಬ ಬುತ್ತಿ ಬಿಚ್ಚಿದಳು. ಮಾವ ತಂದ ಕಾಯಿಯನ್ನು ಬಂಡೆಗೆ ಒಡೆದು ಚಟ್ನಿಪುಡಿ ಜೊತೆ ತಿಂದೆವು.

ಮಾಗಿಯಲ್ಲಿ ಅಯ್ಯನಕೆರೆಗೆ ಹೋಗುವ ದಿನ ಬಂದಾಗ ಈ ಸಲ ಹೊರಡುವುದು ಅನುಮಾನ ಅಂದುಕೊಂಡಿದ್ದೆ. ಬೆಳಿಗ್ಗೆಯೇ ವ್ಯಾನು ಬಾಗಿಲಿಗೆ ಬಂತು. ಬುಟ್ಟಿಯಲ್ಲಿ ಕಾಯಿ ಇರಲಿಲ್ಲ. ಏರಿಯ ಮೇಲೆ ಮಾವ ಆ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ಮುಜುಗರದಿಂದ ನಿಂತು, ಅಭ್ಯಾಸಬಲದಿಂದ ಕೈಮುಗಿದು, ವ್ಯಾನಿನ ಕಡೆ ಹೋಗದೆ ನೇರ ಬಂದು ಅತ್ತೆಯ ಪಕ್ಕದಲ್ಲಿ ಕೂತರು.

ಬಿಸಿಲೇರಿತು. ನೀರಿನ ಮೇಲೆ ಬೆಳ್ಳಕ್ಕಿಗಳು ಬಂದವು, ಹೋದವು. ಇಷ್ಟು ವರ್ಷದಲ್ಲಿ ಮೊದಲ ಸಲ ಅತ್ತೆಯೇ ಅಂದರು, “ಏಳ್ರೀ, ಹೊತ್ತಾಯ್ತು.”

“ಇರೇ ಕಾಶಿ” ಅಂದರು ಮಾವ. “ಇನ್ನೊಂಚೂರು ನೋಡಾನ.”