ನಾಗವ್ವನಿಗೆ ತಂದ ಕಾಯಿ

ಮಸ್ಕಿಯ ಟೂರಿಂಗ್ ಟಾಕೀಸಿನ ಮೈಕಿನಲ್ಲಿ ದಿನಾ ಸಂಜೆ ಕೇಳಿಸುತ್ತಿದ್ದುದು ಸಂಗಮ್ಮನ ದನಿ. ಲಿಂಗಸುಗೂರಿನಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದವಳನ್ನು ಟಾಕೀಸಿನ ಮಾಲೀಕನಾದ ಅವಳ ಕಾಕಾ ಅಮರಗುಂಡಪ್ಪ ಟಿಕೆಟ್ ಖೋಲಿಯಲ್ಲಿ ಕೂರಿಸಿದ್ದ. ಹೆಣ್ಣು ದನಿ ಕರೆದರೆ ಹೆಂಗಸರು ಬರುತ್ತಾರೆ ಎಂಬುದು ಅವನ ಎಣಿಕೆ. ಸಂಗಮ್ಮ ಪ್ರತಿ ಮಾತನ್ನೂ ಮನಸ್ಸಿನೊಳಗೆ ಒಮ್ಮೆ ಆಡಿನೋಡಿಯೇ ಮೈಕಿಗೆ ಬಾಯಿ ಕೊಡುವವಳು. ಸಿನಿಮಾ ಚೆನ್ನಾಗಿಲ್ಲದಿದ್ದರೆ, ಹಾಡುಗಳಿವೆ ಎಂದಷ್ಟೇ ಹೇಳುತ್ತಿದ್ದಳು.

ಹಿಂದೊಮ್ಮೆ ನಾಗವ್ವ ಎಂಬ ಹೆಂಗಸಿನ ಕಥೆಯ ಸಿನಿಮಾ ಬಂದಾಗ ಹೀಗೆ ಅಳೆದು ತೂಗುವ ಗರಜೇ ಬಿದ್ದಿರಲಿಲ್ಲ. ನಾಗವ್ವನಿಗೆ ಕುಸ್ತಿ ಬರುತ್ತಿರಲಿಲ್ಲ, ಕುಡಗೋಲು ಹಿಡಿಯಲು ಬರುತ್ತಿತ್ತು. ಗಂಡನನ್ನು ಕೊಂದವರನ್ನು ಜೋಳದ ಹೊಲದಲ್ಲಿ ಅಟ್ಟಾಡಿಸುತ್ತಿದ್ದಳು. ಏಟು ಬಿದ್ದರೆ ನೆಲಕ್ಕುರುಳುತ್ತಿದ್ದಳು, ಎದ್ದು ಸೆರಗಿನ ಮಣ್ಣು ಕೊಡವುತ್ತಿದ್ದಳು. ಅದಕ್ಕೇ ಹೆಂಗಸರ ಕಡೆಯ ಉಸುಕಿನಲ್ಲಿ ಕುಳಿತವರೆಲ್ಲ ಕೇಕೆ ಹಾಕುತ್ತಿದ್ದರು. ಅವಳು ಕುಡಗೋಲು ಎತ್ತುವ ಹೊತ್ತಿಗೆ ಸಂತೆಕಲ್ಲೂರಿನ ಅಮರಮ್ಮ ಪರದೆಯ ಮುಂದೆ ಕರ್ಪೂರ ಹಚ್ಚಿ ಕಾಯಿ ಒಡೆದಳು. ಮರುದಿನದಿಂದ ಅದೇ ರೂಢಿಯಾಯಿತು. ಕೂಲಿಗೆ ಹೋದಲ್ಲಿ ತನ್ನ ಕೈ ಹಿಡಿದೆಳೆದಿದ್ದ ಮೇಸ್ತ್ರಿಯ ಎದುರು ಅಮರಮ್ಮ ಕುಡಗೋಲು ಕೆಳಗಿಡದೆ ನಿಂತದ್ದು ಆ ವಾರವೇ. ಆಮೇಲೆ ಅವನು ಹೆಂಗಸರ ಸಾಲಿನ ಹತ್ತಿರ ಸುಳಿದಿರಲಿಲ್ಲ.

ಈಗ ಎರಡನೆಯ ಭಾಗ ಬಂದಿತ್ತು. ಪೋಸ್ಟರಿನ ತುಂಬ ನಾಗವ್ವ, ಕೈಯಲ್ಲಿ ಕುಡಗೋಲು. ಆದರೂ ಇನ್ನೂ ಸಿನಿಮಾ ನೋಡದ ಸಂಗಮ್ಮನಿಗೆ ಸಮಾಧಾನವಿರಲಿಲ್ಲ. ಸಿಂಧನೂರಿನಲ್ಲಿ ಸಿನಿಮಾ ನೋಡಿಬಂದಿದ್ದ ಕಾಕಾನನ್ನು ಕೇಳಿದಳು.

"ನಾಗವ್ವ ಅದಾಳೇನು ಕಾಕಾ?"

"ಅದಾಳ. ಬರೋಬ್ಬರಿ ಅದಾಳ. ಹೇಳು ನೀ."

ನಾಗವ್ವ ಮತ್ತೆ ಬಂದಿದ್ದಾಳೆ ಎಂದು ಸಂಗಮ್ಮ ಮೈಕಿನಲ್ಲಿ ಹೇಳಿದಳು. ಬಂಡಿ ಕಟ್ಟಿಕೊಂಡು ಜನ ಬಂದರು. ಅಮರಮ್ಮ ಮಗಳನ್ನೂ ಕಾಯಿಯನ್ನೂ ತಂದಿದ್ದಳು.

ಒಲೆ ಊದುತ್ತ ಕುಳಿತ ನಾಗವ್ವನ ಬೆನ್ನಿಗೆ ಗುಂಡು ಬಿತ್ತು. ಸಿನಿಮಾ ಆಗಷ್ಟೇ ಶುರುವಾಗಿತ್ತು. ಆಮೇಲೆಲ್ಲ ಮೊದಲ ಭಾಗದಲ್ಲಿ ಇಲ್ಲದೇ ಇದ್ದ ಮೈದುನನೊಬ್ಬನದೇ ಕಾರುಬಾರು. ಹೆಲಿಕಾಪ್ಟರಿನಿಂದ ಜಿಗಿದ, ಕಾರುಗಳನ್ನು ಸುಟ್ಟ, ಅವನ ಅಂಗಿಯ ಇಸ್ತ್ರಿ ಕೆಡಲಿಲ್ಲ. ನಾಗವ್ವನ ಫೋಟೋಕ್ಕೆ ಹಾರ ಬಿತ್ತು. ಪಕ್ಕದ ಮೊಳೆಗೆ ಅವಳ ಕುಡಗೋಲು ತೂಗುಹಾಕಿದ್ದರು. ಕೊನೆಯವರೆಗೂ ಯಾರೂ ಅದನ್ನು ಇಳಿಸಲಿಲ್ಲ. ಟಿಕೆಟ್ ಖೋಲಿಯ ಬಾಗಿಲಲ್ಲಿ ನಿಂತ ಸಂಗಮ್ಮನೂ ಎಲ್ಲ ನೋಡಿದಳು. ಗಂಡಸರ ಕಡೆ ಸಿಳ್ಳೆಯೋ ಸಿಳ್ಳೆ. ಸಿನಿಮಾದಲ್ಲಿ ಸತ್ತವರು ಎದ್ದುಬರುವುದು ಹೊಸದೇನಲ್ಲ ಎಂದು ಅಮರಮ್ಮ ಕರ್ಪೂರವನ್ನು ಮುಷ್ಟಿಯಲ್ಲಿ ಹಿಡಿದು ಕಾಯುತ್ತಲೇ ಇದ್ದಳು. ಪರದೆ ಬೆಳ್ಳಗಾಯಿತು.

ಅವಳು ನೇರ ಟಿಕೆಟ್ ಖೋಲಿಗೆ ಬಂದು ಸಂಗಮ್ಮನ ಮುಂದೆ ಕಾಯಿ ಇಟ್ಟಳು.

"ನಿಮ್ಮ ಮಾತ ಕೇಳಿ ತಂದಿದ್ದೆ ಅಮ್ಮಾರ. ನೀವ ಒಡೀರಿ."

ದನಿ ಏರಿರಲಿಲ್ಲ. ಹಿಂದೆ ನಿಂತ ಮಗಳು ಸಂಗಮ್ಮನ ಮುಖ ಸಹ ನೋಡಲಿಲ್ಲ.

ಸಂಗಮ್ಮ ಕಾಯಿ ಎತ್ತಿಕೊಂಡು ಕಾಕಾನ ಬಳಿ ಹೋದಳು. ಸುಳ್ಳು ಕಾಕಾನದು, ಆಡಿದ ಬಾಯಿ ತನ್ನದು. ಯಾಕೆ ಹೇಳಲಿಲ್ಲ ಎಂದು ಕೇಳಿದಾಗ ಅಮರಗುಂಡಪ್ಪ ನಕ್ಕ.

"ಸಾಯ್ತಾಳಂದ್ರ ಯಾರು ಬರ್ತಾರ ಬೇ? ನಾಳಿನೂ ಹಂಗ ಹೇಳು. ಆಗಂಗಿಲ್ಲಂದ್ರ ಮನ್ಯಾಗ ಕುಂದ್ರು, ಗಂಡು ನೋಡ್ತೀವಿ."

ಒಬ್ಬನೇ ಒಂದು ದಂಡಿನಂತಿದ್ದ ಆ ಮೈದುನನಿಗಿಂತ ಈ ನಗೆಯೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು. ಜೋಳದ ಹೊಲದಿಂದ ಎದ್ದು ನಿಂತವಳನ್ನು ಒಲೆಯ ಮುಂದೆ ಕೊಂದರು. ಅವಳ ಹೆಸರು ಮಾತ್ರ ಜನ ಕೂಡಿಸಲು ಬೇಕು.

ಮರುದಿನ ಸಂಜೆ ಹಾಡಿನ ರೆಕಾರ್ಡು ನಿಂತ ಮೇಲೆ ಸಂಗಮ್ಮ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಮೈಕು ಹತ್ತಿರ ಎಳೆದುಕೊಂಡಳು. ಪುಸ್ತಕದ ಮಾತು ಬಿಟ್ಟು ಮನೆಯ ಮಾತಿನಲ್ಲಿ ಹೇಳಿದಳು.

"ಅಕ್ಕಂದಿರ, ಈ ಸಿನಿಮಾದಾಗ ನಾಗವ್ವ ಶುರುವಿಗೇ ಸಾಯ್ತಾಳ. ಬೆನ್ನಿಗೆ ಗುಂಡು ಹೊಡೀತಾರ. ಮತ್ತ ಏಳಂಗಿಲ್ಲ. ಮದಲಿನ ಸಿನಿಮಾದಾಗಿನ ನಾಗವ್ವ ಇದರಾಗಿಲ್ಲ. ಕಾಯಿ ತರಬ್ಯಾಡ್ರಿ."

ಅಮರಗುಂಡಪ್ಪ ಓಡಿಬಂದು ವೈರು ಕಿತ್ತ. ಅಷ್ಟರಲ್ಲಿ ಮಾತು ಊರಾಚೆಯ ಹಳ್ಳ ದಾಟಿತ್ತು. ರಸ್ತೆಯ ಮೇಲೆ ಬರುತ್ತಿದ್ದ ಬಂಡಿಯೊಂದು ನಿಂತು ಹಿಂದಕ್ಕೆ ತಿರುಗುವುದು ಕಿಟಕಿಯಿಂದ ಕಂಡಿತು. ಕಾಕಾ ಬಾಯಿ ತೆರೆಯುವ ಮೊದಲೇ ಸಂಗಮ್ಮ ಕಾಯಿ ಎತ್ತಿಕೊಂಡು ಎದ್ದಳು. ಸೆರಗಿನ ಧೂಳು ಕೊಡವಿಕೊಂಡು ಅವನನ್ನು ಬಳಸಿ ಹೊರಗೆ ನಡೆದಳು.